ಕುಳಗೇರಿ ಕ್ರಾಸಿನ ಒಡಪು

ಅಫ್ಜಲ ಮೆಮೊರಿ ಕಾರ್ಡನ್ನು ಮೇಜಿನ ಮೇಲಿಟ್ಟ. ಇಟ್ಟವನು ಹೋಗಲಿಲ್ಲ.

"ಅಕ್ಕಾ, ಕಡೀ ಟೇಕ್ ಹೆಡ್‌ಫೋನ್ ಹಾಕ್ಕೊಂಡು ನೋಡ್ರಿ. ನಿಮ್ಮ ಅತ್ತಿ ಮುಂದ ಜೋರಾಗಿ ಹಚ್ಚಬ್ಯಾಡ್ರಿ."

"ಯಾಕ, ಬೈಗುಳ ಅದಾವೇನು?"

"ಬೈಗುಳ ಇದ್ದಿದ್ರ ಚಲೋ ಇತ್ತು. ಬೈಗುಳ ಕಟ್ ಮಾಡಬಹುದು." ಅವನು ನಕ್ಕ. ನಗಬಾರದಿತ್ತು ಎಂಬಂತೆ ಬಾಯಿ ಒರೆಸಿಕೊಂಡ. "ದಾನಮ್ಮ ಒಡಪಿನ್ಯಾಗ ಕನಕಪ್ಪನ ಹೆಸರು ಹೇಳೂದು ಬಿಟ್ಟು ನಿಂಗರಾಜಣ್ಣನ ಹೆಸರು ಹೇಳಿಬಿಟ್ಲು."

ಕನಕಪ್ಪ ಹಾಡುಗಾರ, ಈ ವಿಡಿಯೋದ ಹೀರೋ, ಚಾನೆಲ್ಲಿನ ಮಾಲೀಕ. ದಾನಮ್ಮ ಹೀರೋಯಿನ್. ನಿಂಗರಾಜ ನಿರ್ದೇಶಕ. ಅಫ್ಜಲ ಕ್ಯಾಮೆರಾ ಹಿಡಿಯುವವನು. ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಕುಳಿತು ಇವರ ಜಾನಪದ ಹಾಡುಗಳನ್ನು ಎಡಿಟ್ ಮಾಡುತ್ತೇನೆ. ಧಾರವಾಡದಲ್ಲಿ ಎಂ.ಎ. ಓದಿದ್ದು ಇದಕ್ಕಲ್ಲ. ಕಂಪ್ಯೂಟರು ಗಂಡನದು. ಅವರು ಮದುವೆ ವಿಡಿಯೋ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕಲಿತೆ. ಎರಡು ವರ್ಷದ ಹಿಂದೆ ಗದಗ ರಸ್ತೆಯ ಅಪಘಾತದಲ್ಲಿ ಅವರು ಹೋದರು. ಕಂಪ್ಯೂಟರು ಉಳಿಯಿತು. ನಿಂಗರಾಜ ಅವರ ಗೆಳೆಯ. ಬಂದವರೆಲ್ಲ ಹೋದ ಮೇಲೆ ಒಂದು ದಿನ ಕಾರ್ಡ್ ಹಿಡಿದುಕೊಂಡು ಬಂದು, "ವೈನಿ, ಇದನ್ನ ಇನ್ನ ಯಾರ ಕಡೆ ಕೊಡ್ಲಿ?" ಎಂದು ಕೇಳಿದ. ನಾನು ಕೈ ಚಾಚಿದೆ. ಅಷ್ಟೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಹೊಸ ಸೊಸೆ ಹೊಸ್ತಿಲು ದಾಟುವಾಗ ಮಾತ್ರ ಹೇಳಲೇಬೇಕು. ಅದೂ ಬರಿದೇ ಅಲ್ಲ, ಎರಡು ಸಾಲಿನ ಒಡಪಿನಲ್ಲಿ ಪೋಣಿಸಿ ಹೇಳಬೇಕು. ಹೇಳುವ ತನಕ ನಾದಿನಿ ಬಾಗಿಲು ಬಿಡುವುದಿಲ್ಲ. ಕನಕಪ್ಪನ ಹೊಸ ಹಾಡಿನ ನಡುವೆ ಬಾಜಾ ನಿಂತು, ಬಾಗಿಲಲ್ಲಿ ನಿಂತ ಮದುಮಗಳು ಒಡಪು ಹೇಳಿ, ಹೆಸರು ಬಿದ್ದ ಕೂಡಲೇ ಡೊಳ್ಳು ಬೀಳಬೇಕು ಎಂಬುದು ನಿಂಗರಾಜನ ಯೋಚನೆ. ಉಳಿದ ಹಾಡುಗಳಲ್ಲಿ ತುಟಿ ಆಡಿಸಿದರೆ ಸಾಕು. ಇಲ್ಲಿ ಮಾತ್ರ ಆಕೆಯ ಸ್ವಂತ ದನಿ ಬೇಕಿತ್ತು. ಅದಕ್ಕೇ ಸೆರಗಿನೊಳಗೆ ಸಣ್ಣ ಮೈಕು ಚುಚ್ಚಿದ್ದರು.

ನಿಂಗರಾಜನ ಊರು ಶಿರೂರು. ಮನೆಯವರು ಬೀರಪ್ಪನ ಒಕ್ಕಲು. ಅಪ್ಪನಿಗೆ ಈಗಲೂ ಕುರಿ ಇವೆ. ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವಾಗ ಮೊಬೈಲಿನಲ್ಲಿ ಹಿಡಿದದ್ದು ಅವನ ಮೊದಲ ವಿಡಿಯೋ. ಹಾಡುವವರ ಮುಖ ಬಿಟ್ಟು ಕೇಳುವವರ ಮುಖ ಹಿಡಿದಿದ್ದ. ಹಾಡುವವರು ಬೈದರು, ಕೇಳುವವರು ತಮ್ಮ ತಮ್ಮ ಮನೆಗಳಲ್ಲಿ ಅದನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ಲವ್ ಫೇಲ್ ಹಾಡುಗಳ ಕಾಲ ಬಂತು. ಬಾದಾಮಿಯ ಕೆಂಪು ಗುಡ್ಡ, ಸೂರ್ಯಕಾಂತಿ ಹೊಲ, ಬಾಡಿಗೆ ಬುಲೆಟ್ಟು. ಒಂದೇ ಹಗಲಿನಲ್ಲಿ ಒಂದು ಹಾಡು ಮುಗಿಸುತ್ತಾನೆ ಎಂದು ಹೆಸರಾಯಿತು. ಗುಡ್ಡದ ಕೆಳಗೆ ಟ್ರೈಪಾಡು ಬಿಚ್ಚಿದರೆ ಕಾವಲಿನವರು ಬರುತ್ತಾರೆ. ಅದಕ್ಕೇ ಅವನ ಹಾಡುಗಳಲ್ಲಿ ಕ್ಯಾಮೆರಾ ಸದಾ ನಡೆಯುತ್ತಲೇ ಇರುತ್ತದೆ. ನೋಡಿದವರು ಅದನ್ನು ಸ್ಟೈಲ್ ಎನ್ನುತ್ತಾರೆ. ಕನಕಪ್ಪನ ಚಾನೆಲ್ಲು ಈ ಭಾಗದಲ್ಲಿ ದೊಡ್ಡದು. ಅಲ್ಲಿ ಒಂದು ಹಾಡು ಗೆದ್ದರೆ ನಿಂಗರಾಜನಿಗೆ ಮುಂದೆ ಕೆಲಸ ಹುಡುಕಿಕೊಂಡು ಹೋಗುವ ಪ್ರಸಂಗ ಇರಲಿಲ್ಲ.

ನಾನು ಶೂಟಿಂಗಿಗೆ ಎಂದೂ ಹೋದವಳಲ್ಲ. ಇವರನ್ನೆಲ್ಲ ಕತ್ತರಿಸಿ ಬಿಸಾಡುವ ಭಾಗದಿಂದ ಬಲ್ಲೆ. ಹಾಡು ಶುರುವಾಗುವ ಮುಂಚಿನದು, ಕಟ್ ಅಂದ ಮೇಲಿನದು. ನಿಂಗರಾಜ ಟವೆಲ್ಲನ್ನು ಸೆರಗಿನಂತೆ ಹೊದ್ದು, ಹೀರೋಯಿನ್ ಹೇಗೆ ತಿರುಗಬೇಕೆಂದು ತಾನೇ ತಿರುಗಿ ತೋರಿಸುತ್ತಾನೆ. ಎಲ್ಲರನ್ನೂ ಹೆಸರು ಹಿಡಿದು ಒದರುತ್ತಾನೆ. ದಾನಮ್ಮನೊಬ್ಬಳನ್ನು ಕರೆಯುವುದಿಲ್ಲ. "ಲೇ ಅಫ್ಜಲ್ಯಾ, ಬಿಸಲಾಗ ನಿಂದರಬ್ಯಾಡ ಅಂತ ಹೇಳಲೇ ಆಕಿಗೆ" ಎನ್ನುತ್ತಾನೆ. ದಾನಮ್ಮ ಎದುರಿಗೇ ನಿಂತಿರುತ್ತಾಳೆ.

ಟೇಕ್ ಹಚ್ಚಿದೆ. ಕುಳಗೇರಿ ಕ್ರಾಸಿನಲ್ಲಿ ರಂಗವ್ವ ಎಂಬ ಅಜ್ಜಿಯ ಮನೆ ಬಾಗಿಲು. ಒಡಪು ಕಟ್ಟಿಕೊಟ್ಟವಳೂ ಆ ಅಜ್ಜಿಯೇ. ಓಣಿಯ ಹೆಣ್ಣುಮಕ್ಕಳು ಎರಡೂ ಬದಿ ನಿಂತಿದ್ದಾರೆ. ದಾನಮ್ಮ ತಲೆ ತಗ್ಗಿಸಿ, ಬಾಗಿಲ ಚೌಕಟ್ಟಿಗೆ ಬೆರಳಿಟ್ಟು ಹೇಳಿದಳು:

"ಕುಳಗೇರಿ ಕ್ರಾಸಿನ್ಯಾಗ ದಾರಿ ನಾಕು ಕೂಡ್ತಾವ,
ನಿಂಗರಾಜರ ಹೆಸರ ಹೇಳಿದ್ರ ಕಾಲು ಮನೀಗೆ ಓಡ್ತಾವ."

ಆಮೇಲೆ ನಗೆ. ಪರದೆ ಅಲುಗಾಡುವಷ್ಟು. ಅಫ್ಜಲನೂ ನಕ್ಕಿದ್ದ.

"ಹೇಳಿದ್ದು ಹೇಳಿದಂಗ ಆತವಾ!" ರಂಗವ್ವ ಚಪ್ಪಾಳೆ ತಟ್ಟಿದಳು. "ಇಷ್ಟು ಮಂದಿ ಮುತ್ತೈದಿಯರ ಮುಂದ ಹೆಸರು ತಗೊಂಡಿ. ಇನ್ನ ಕನಕಪ್ಪಗ ಬ್ಯಾರೆ ಹೆಣ್ಣ ನೋಡ್ರಿ!"

"ಹೀರೋ ನಾನು, ಹೆಸರು ಅಂವಂದು!" ಕನಕಪ್ಪ ತಲೆಯ ಬಾಸಿಂಗ ಕಿತ್ತು ಕೈಯಲ್ಲಿ ಹಿಡಿದ. "ಇದೆಲ್ಲಿ ನ್ಯಾಯ ಬೇ ಯಮ್ಮಾ?"

ದಾನಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಒಳಗೆ ಹೋದಳು. ಹೊರಗೆ ಬರಲಿಲ್ಲ. ಕ್ಯಾಮೆರಾ ಖಾಲಿ ಹೊಸ್ತಿಲನ್ನು ಸ್ವಲ್ಪ ಹೊತ್ತು ನೋಡಿತು.

ಮಧ್ಯಾಹ್ನ ಕನಕಪ್ಪನ ಫೋನ್ ಬಂತು.

"ಅಕ್ಕಾರ, ಆ ತುಣುಕು ವಾಟ್ಸಾಪ್ ಮಾಡ್ರಿ. ಹಾಡಿಗಿಂತ ಮೊದ್ಲ ಅದನ್ನ ಬಿಡೂಣು. ಜನಾ ಹುಚ್ಚಾಗ್ತಾರ."

"ದಾನಮ್ಮನ್ನ ಕೇಳೀರೇನು?"

"ಫೋನ್ ಎತ್ತವಲ್ಲಳ್ರಿ. ಎತ್ತಿದ್ರ ಕೇಳ್ತೇನಿ."

"ಎತ್ತಿದ ಮ್ಯಾಲ ಕಳಸ್ತೇನಿ."

"ನಿಮಗೂ ಆ ನಿಂಗ್ಯಾ ಏನರ ಹೇಳ್ಯಾನೇನು?" ಎಂದ. ಸಿಟ್ಟಿನಲ್ಲೇನೂ ಅಲ್ಲ. ಕನಕಪ್ಪ ಕೆಟ್ಟವನಲ್ಲ. ಜನ ನಗುವುದೆಂದರೆ ಒಳ್ಳೆಯದೇ ಎಂದು ನಂಬಿದವನು.

ಸಂಜೆ ನಿಂಗರಾಜ ಬಂದ. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ವೈನಿ, ಆ ಟೇಕ್ ಅಳಿಸಿಬಿಡ್ರಿ."

"ಕನಕಪ್ಪಗ ಏನಂದ್ರಿ?"

"ಕೊಡೂದಿಲ್ಲ ಅಂದೆ. ಹಂಗಾರ ಮುಂದಿನ ಹಾಡಿಗೆ ಬ್ಯಾರೆ ಡೈರೆಕ್ಟರ್ ನೋಡ್ತೇನಿ ಅಂದ. ನೋಡ್ಲಿ." ಅವನು ಕೀಬೋರ್ಡನ್ನೇ ನೋಡುತ್ತಿದ್ದ. "ಬಾಯಿ ತಪ್ಪಿ ಬಂದ ಮಾತ್ರಿ ಅದು. ದಿನಾ ಎಲ್ಲಾರೂ ನಿಂಗರಾಜ ನಿಂಗರಾಜ ಅಂತ ಒದರೂದು ಕೇಳಿ ಕೇಳಿ ಬಾಯಾಗ ಕುಂತಿರ್ತೈತಿ. ಅಷ್ಟಕ್ಕ ಒಂದು ಹೆಣ್ಮಗಳು ಊರವರ ಬಾಯಾಗ ಬೀಳಬಾರ್ದು."

"ಬಾಯಿ ತಪ್ಪಿದ್ದಾ?"

"ಮತ್ತೇನ್ರಿ?"

ನಾನು ಪರದೆಯ ಕಡೆ ತಿರುಗಿದೆ.

"ಭಾನುವಾರ ಇಳಕಲ್ಲಿನ್ಯಾಗ ಉಳಿದದ್ದು ತಗೀಬೇಕು," ಎಂದ. "ಒಡಪೂ ಮತ್ತ ತಗೀಬೇಕು, ಮೊದಲಿನ ಟೇಕಿನ್ಯಾಗೆಲ್ಲಾ ಬಸ್ಸಿನ ಹಾರ್ನ್ ಬಿದ್ದಾವ. ಆಕಿ ಬರೂದಿಲ್ಲ ಅನ್ನಸ್ತೈತಿ. ಇನ್ನ ಯಾವ ಹಾಡಿಗೂ ಬರೂದಿಲ್ಲೇನೋ."

"ನೀವು ಫೋನ್ ಮಾಡೀರೇನು?"

"ನಾ ಮಾಡಿದ್ರ ಅದಕ್ಕ ಬ್ಯಾರೆ ಅರ್ಥ ಬರ್ತೈತಿ."

"ಯಾವ ಅರ್ಥ?"

ಬೈಕನ್ನು ದಾರಿಗೆ ಅಡ್ಡ ನಿಲ್ಲಿಸಿದ್ದೇನೆ ಎಂದು ಹೇಳಿ ನಿಂಗರಾಜ ಹೊರಟುಹೋದ. ಕಿಟಕಿಯಿಂದ ನೋಡಿದೆ. ಬೈಕು ಗೋಡೆಗೆ ಒತ್ತಿ ನಿಂತಿತ್ತು.

ಅಳಿಸುವ ಮುಂಚೆ ಒಮ್ಮೆ ಕೇಳುವುದು ನನ್ನ ರೂಢಿ. ಬೆಳಿಗ್ಗೆ ಕೇಳಿದ್ದು ಕ್ಯಾಮೆರಾದ ದನಿ. ಈಗ ಸೆರಗಿನ ಮೈಕಿನ ದನಿಯನ್ನಷ್ಟೇ ಹಚ್ಚಿದೆ. ಅದರಲ್ಲಿ ದಾನಮ್ಮನ ಉಸಿರು, ಬಳೆ, ಗುಟುಕು ನುಂಗಿದ್ದು. ಒಡಪು. ಹೆಸರು. ನಗೆ ಶುರುವಾಗುವುದಕ್ಕೂ ಮುಂಚೆ ಒಂದು ಸಣ್ಣ ಸಂದು ಇತ್ತು. ಆ ಸಂದಿನಲ್ಲಿ ಯಾರೋ "ಓ" ಅಂದಿದ್ದರು.

ಮತ್ತೆ ಕೇಳಿದೆ. ಗಂಡಸಿನ ದನಿ, ಹತ್ತಿರದ್ದು. ಸಾಲು ಮರೆತರೆ ಹೇಳಿಕೊಡಲು ಕ್ಯಾಮೆರಾದ ಕೆಳಗೆ, ಹೊಸ್ತಿಲಿನ ಬದಿಗೆ ಕುಕ್ಕರುಗಾಲಲ್ಲಿ ಕೂತಿರುವವನು ನಿಂಗರಾಜನೊಬ್ಬನೇ. ಹಿತ್ತಲಲ್ಲಿ ಏನೋ ಮಾಡುತ್ತಿರುವವನನ್ನು ಮನೆಯೊಳಗಿನಿಂದ ಕರೆದರೆ ತಲೆ ಎತ್ತದೆಯೇ ಬರುತ್ತದಲ್ಲ, ಅಂಥ ಓ. ಯೋಚಿಸಿ ಅಂದದ್ದಲ್ಲ. ಅಂದದ್ದು ಅವನಿಗೂ ಗೊತ್ತಿರಲಿಕ್ಕಿಲ್ಲ. ಪರದೆಯ ಮೇಲಿನ ಗೆರೆಯಲ್ಲಿ ಅದು ಜೋಳದ ಕಾಳಿನಷ್ಟು ಉಬ್ಬಿತ್ತು.

ಅಳಿಸಲಿಲ್ಲ. ಆ ತುಣುಕನ್ನು ಮೊಬೈಲಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಸೀರೆ ಬದಲಿಸಿದ್ದನ್ನು ನೋಡಿ ಅತ್ತೆ, "ಎಲ್ಲಿಗವಾ?" ಎಂದರು.

"ಹುನಗುಂದಕ್ಕ ಹೋಗಿ ಬರ್ತೇನಿ."

ಎರಡು ವರ್ಷದಿಂದ ನಾನಾಗಿಯೇ ಎಲ್ಲಿಗೂ ಹೊರಟಿರಲಿಲ್ಲ. ಅವರು ಯಾಕೆಂದು ಕೇಳಲಿಲ್ಲ. "ಛತ್ರಿ ತಗೊಂಡು ಹೋಗು, ಬಿಸಲೈತಿ" ಎಂದು ಒಳಗಿನಿಂದ ತಂದುಕೊಟ್ಟರು. ಅದು ಅವರ ಮಗನ ಛತ್ರಿ.

ದಾನಮ್ಮನಿಗೆ ಹುನಗುಂದದ ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆಯ ಅಂಗಡಿ. ಆಕೆಗೆ ನನ್ನ ಗುರುತಿಲ್ಲ. ನನಗೆ ಆಕೆ ನಗುವ ಮುಂಚೆ ಎಡ ಹುಬ್ಬು ಏರುವುದೂ ಗೊತ್ತು.

"ಜಂಪರ್ ಹೊಲಸೂದೈತೇನ್ರಿ? ಹಬ್ಬದ ಮಟಾ ಆಗೂದಿಲ್ಲ ನೋಡ್ರಿ," ಎಂದಳು, ಮಿಷಿನ್ನಿನಿಂದ ತಲೆ ಎತ್ತದೆ.

"ನಾ ಲಲಿತಾ. ಹಾಡು ಎಡಿಟ್ ಮಾಡಾಕಿ."

ಮಿಷಿನ್ನು ನಿಂತಿತು. ಆಕೆ ಎದ್ದು ಸ್ಟೂಲನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಆಮೇಲೆ ನಿಂತೇ ಕೇಳಿದಳು: "ನೀವು ಅದನ್ನ ನೋಡೀರಿ?"

"ನೋಡೇನಿ."

"ಎಲ್ಲಾರೂ ನೋಡ್ತಾರೇನ್ರಿ ಅಕ್ಕಾ?"

"ಇಲ್ಲ. ನೀವು ಹೂಂ ಅನ್ನೂ ತನಕ ಇಲ್ಲ."

ಆಕೆ ಕೂತಳು. ಹೊಲಿಯುತ್ತಿದ್ದ ತೋಳನ್ನು ತೊಡೆಯ ಮೇಲಿಟ್ಟು ಸವರಿದಳು. "ಡೈರೆಕ್ಟರ್ ಸರ್ ಭಾಳ ಸಿಟ್ಟಾಗ್ಯಾರೇನ್ರಿ?"

"ಯಾಕ ಕೇಳ್ತೀರಿ?"

"ಎಲ್ಲಾರೂ ನಕ್ಕರ್ರಿ. ಅವರೊಬ್ರು ಮಾರಿ ತಿರುವಿಕೊಂಡು ಸ್ಪೀಕರಿನ ವಾಯರ್ ಸುತ್ತಾಕ ಹತ್ತಿದ್ರು. ಒಳಗ ಕಿಡಕ್ಯಾಗಿಂದ ನೋಡಿದೆ. ಸುತ್ತೂದು, ಬಿಚ್ಚೂದು, ಮತ್ತ ಸುತ್ತೂದು. ನಕ್ಕಿದ್ರರ ನಾನೂ ನಕ್ಕು ಬಿಡ್ತಿದ್ದೆ."

"ಅದು ಬಾಯಿ ತಪ್ಪಿದ್ದು ಅಂತಾರ ಅವರು."

ದಾನಮ್ಮ ಹಲ್ಲಿನಿಂದ ದಾರ ಕಡಿದಳು. ಹೊರಗೊಮ್ಮೆ ನೋಡಿ ದನಿ ತಗ್ಗಿಸಿದಳು. "ರಂಗವ್ವಾಯಿ ಒಡಪು ಹೇಳಿಕೊಟ್ಟ ಮ್ಯಾಲ ಮನ್ಯಾಗ ಕಲತೆ ಅಕ್ಕಾ. ರೊಟ್ಟಿ ಬಡಿಯುವಾಗ, ಮಿಷಿನ್ ತುಳಿಯುವಾಗ. ಕಲಿಯುವಾಗ ಆ ಹೆಸರ ಇಟ್ಟ ಕಲತಿದ್ದೆ. ಯಾರು ಕೇಳ್ತಾರ, ನಾ ಒಬ್ಬಾಕಿನ. ಅಲ್ಲಿ ಹೋಗಿ ಬದಲಾಸಿದ್ರಾತು ಅಂತ. ಮೊದಲಿನ ಟೇಕಿನ್ಯಾಗೆಲ್ಲಾ ಬದಲಾಸಿದೆ, ಖರೆ. ಕಡೀಕ ನೆನಪ ಹಾರ್ತು."

ನನಗೆ ನಗು ಬಂತು. ಎಷ್ಟೋ ದಿನಕ್ಕೆ ಬಂದದ್ದರಿಂದ ಅದು ಕೆಮ್ಮಿನಂತೆ ಬಂತು. ಆಕೆಯ ಎಡ ಹುಬ್ಬು ಏರಿತು.

"ನಿಮ್ಮ ಒಡಪು ಯಾವ್ದಿತ್ತ್ರಿ ಅಕ್ಕಾ?" ಎಂದು ಕೇಳಿದವಳು ಕೂಡಲೇ ನಾಲಿಗೆ ಕಚ್ಚಿಕೊಂಡಳು. "ತಪ್ಪಾತ್ರಿ. ಸರ್ ಹೇಳಿದ್ರು ನನಗ. ಮರತೆ."

"ತಪ್ಪೇನಿಲ್ಲ."

ಹೋದವರ ಹೆಸರಿನ ಒಡಪು ಹೇಳಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳೆಂದೂ ಯಾರೂ ಕೇಳಿರಲಿಲ್ಲ. ದವಾಖಾನೆಯಲ್ಲಿ ಆ ದಿನ ಪೇಶಂಟಿನ ಹೆಸರೇನು ಎಂದಾಗಲೂ ನಾನು ಆಧಾರ್ ಕಾರ್ಡನ್ನು ಮುಂದೆ ತಳ್ಳಿದ್ದೆ. ಎಂ.ಎ. ಓದಿದವಳಿಗೆ ಅದೆಲ್ಲ ಇರಬಾರದು. ಇತ್ತು.

"ತುಳಸಿಗೇರಿ ಹನಮಪ್ಪಗ ಕಾಯಿ ಒಡಸೇನಿ,
ಹೊಳಬಸಪ್ಪರ ಹೆಸರ ಹೇಳಿ ಬಾಗಿಲ ತಗಸೇನಿ."

ಸಲೀಸಾಗಿ ಬಂತು. ಹೊರಗೆ ಒಂದು ಟಂಟಂ ಆಟೋ ಅಮೀನಗಡ, ಅಮೀನಗಡ ಎಂದು ಕೂಗುತ್ತ ಹೋಯಿತು. ದಾನಮ್ಮ ಎದುರಿನ ಅಂಗಡಿಗೆ ಎರಡು ಬೆರಳು ತೋರಿಸಿ ಚಹಾ ಹೇಳಿದಳು.

ಚಹಾ ಕುಡಿದಾದ ಮೇಲೆ ನಾನು ಹೆಡ್‌ಫೋನನ್ನು ಆಕೆಯ ಕಿವಿಗಿಟ್ಟೆ. "ನಿಮ್ಮ ದನಿ ಕೇಳಬ್ಯಾಡ್ರಿ. ನಿಮ್ಮ ದನಿ ಮುಗದ ಮ್ಯಾಲ, ನಗಿ ಬರೂಕಿಂತ ಮೊದ್ಲು ಏನೈತಿ ಅದನ್ನ ಕೇಳ್ರಿ."

ತನ್ನ ಒಡಪು ಬರುವಾಗ ಆಕೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ತೆರೆದಳು.

"ಇನ್ನೊಂದ್ಸಲ ಹಚ್ಚರಿ."

ಹಚ್ಚಿದೆ. ಮತ್ತೊಮ್ಮೆ ಎಂದು ಕೈಸನ್ನೆ ಮಾಡಿದಳು. ಆಕೆಯ ಮುಖವನ್ನು ಕ್ಯಾಮೆರಾದಲ್ಲಿ ಅಷ್ಟು ನೋಡಿದ್ದರೂ ಆ ಮುಖವನ್ನು ನಾನು ನೋಡಿರಲಿಲ್ಲ. ನಾನು ಛತ್ರಿಯ ಹಿಡಿಕೆಯನ್ನು ನೋಡುತ್ತ ಕೂತೆ.

"ಇದು ಅವರಿಗೆ ಗೊತ್ತೈತೇನ್ರಿ?"

"ಗೊತ್ತಿರಲಿಕ್ಕಿಲ್ಲ."

"ಹೇಳಬ್ಯಾಡ್ರಿ."

"ಮತ್ತೇನ ಹೇಳ್ಲಿ?"

ಆಕೆ ಹೆಡ್‌ಫೋನನ್ನು ಸುತ್ತಿ, ವಾಯರು ಗಂಟಾಗದಂತೆ ನೋಡಿ ಕೊಟ್ಟಳು. "ಭಾನುವಾರ ಇಳಕಲ್ಲಿಗೆ ಬರ್ತಾಳಂತ ಹೇಳ್ರಿ. ಅಷ್ಟ."

ಭಾನುವಾರ ನಾನೂ ಹೋದೆ. ಒಡಪಿನ ದನಿ ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು ಅಫ್ಜಲನಿಗೆ ಹೇಳಿದೆ. ಅವನು ಖುಷಿಯಿಂದ ಬಾಗಲಕೋಟೆಯಿಂದಲೇ ನನ್ನ ಬ್ಯಾಗು ಹೊತ್ತ.

ಇಳಕಲ್ಲಿನಲ್ಲಿ ಅಫ್ಜಲನದೇ ಮನೆ. ಅವನ ತಾಯಿ ಜೋಹರಾ ಪಡಸಾಲೆಯಲ್ಲಿ ಮಗ್ಗ ನೇಯುತ್ತಾರೆ. ಬಾಗಿಲಿಗೆ ಮಾವಿನೆಲೆ ಕಟ್ಟಿ ಅದನ್ನೇ ಕುಳಗೇರಿ ಕ್ರಾಸಿನ ಬಾಗಿಲು ಮಾಡಿದ್ದರು.

"ಅಮ್ಮಿ, ಸ್ವಲ್ಪ ಮಗ್ಗ ನಿಂದ್ರಸಬೇ. ದನಿ ತಗೀಬೇಕು."

"ನಿಮ್ಮ ಮದುವಿ ಮುಗಿಯೂ ಮಟಾ ನನ್ನ ಸೀರಿ ಮುಗಿಯೂದು ಬ್ಯಾಡೇನು?" ಎಂದರು ಜೋಹರಾ. ಎಂದವರು ಎದ್ದು ಬಂದು, ಸೆರಗು ತಲೆಗೆ ಹೊದ್ದು, ಹೆಣ್ಣುಮಕ್ಕಳ ಸಾಲಿನಲ್ಲಿ ಮುಂದೆಯೇ ನಿಂತರು. "ಒಡಪು ಇಳಕಲ್ಲಿಂದು ಹೇಳ್ರಲ್ಲ. ನಮ್ಮ ಬಾಗಿಲಿಗೆ ಬಂದು ಕುಳಗೇರಿ ಕ್ರಾಸ್ ಯಾಕ?"

"ಹಾಡಿನ್ಯಾಗ ಊರು ಯಾವ್ದರ ಇರ್ಲಿ, ಬಾಗಿಲ ನಿಮ್ಮದ ಬಿಡ್ರಿ ಅಮ್ಮಾ," ಎಂದ ಕನಕಪ್ಪ, ಬಾಸಿಂಗ ಕಟ್ಟಿಕೊಳ್ಳುತ್ತ. ದಾನಮ್ಮ ಸೀರೆ ಉಟ್ಟು ಹೊರಗೆ ಬಂದಳು. ನಾನು ಮೈಕು ಚುಚ್ಚಿದೆ. ನಿಂಗರಾಜ ದೂರದಲ್ಲಿ ಬೆಳಕು ನೋಡುತ್ತಿದ್ದ. ಬೆಳಕು ಅಲ್ಲಿರಲಿಲ್ಲ.

ಕನಕಪ್ಪ ಆಕೆಯ ಹತ್ತಿರ ಬಂದ. "ಬಂದೆಲ್ಲವಾ, ಚಲೋ ಆತು. ಇದೊಂದು ಮಾತು ಕೇಳ್ತೇನಿ. ಆವತ್ತಿನ ತುಣುಕು ಬಿಡೂಣೇನು? ನಿನಗೂ ಹೆಸರಾಕ್ಕೈತಿ, ಈ ನಿಂಗ್ಯಾಗೂ ಹೆಸರಾಕ್ಕೈತಿ. ಕೊಡೂದಿಲ್ಲಂತ ಅಂವ ನನ್ನ ಹಾಡ ಬಿಟ್ಟು ಹೊಂಟಾನ."

ನಿಂಗರಾಜ ಈ ಕಡೆ ತಿರುಗಿದ.

"ಕೊಡೂದಿಲ್ಲಣ್ಣಾ," ಎಂದಳು ದಾನಮ್ಮ. ದನಿ ಏರಿಸಲಿಲ್ಲ. "ಅದು ಹಾಡಿಂದಲ್ಲ. ನಂದು."

ಕನಕಪ್ಪ ಆಕೆಯನ್ನು ನೋಡಿದ, ನಿಂಗರಾಜನನ್ನು ನೋಡಿದ. ಅವನಿಗೆ ಹಾಡು ಕಟ್ಟುವ ಬುದ್ಧಿ ಇದೆ. "ಓಹೋ," ಎಂದ ಮೆಲ್ಲಗೆ. ಆಮೇಲೆ ಜೋರಾಗಿ, "ಹಂಗಾರ ಮುಗೀತು ಬಿಡವಾ. ಆದ್ರ ಇವತ್ತೊಂದು ದಿನ ನನ್ನ ಹೆಸರ ಹೇಳಿ ಪುಣ್ಯಾ ಕಟಗೊ. ಲೇ ನಿಂಗ್ಯಾ, ಎಲ್ಲಿ ನೋಡ್ತಿ? ಶಾಟ್ ಇಡಲೇ! ಮುಂದಿನ ಹಾಡಿಗೂ ನೀನ ಸಾಯಿ!"

ನಾನು ಹೆಡ್‌ಫೋನ್ ಹಾಕಿಕೊಂಡು ಜಗುಲಿಯ ತುದಿಗೆ ಕೂತೆ. ನಿಂಗರಾಜ ಕ್ಯಾಮೆರಾದ ಕೆಳಗೆ ಕುಕ್ಕರಿಸಿದ.

ಒಂದೇ ಸಲಕ್ಕೆ ಬಂತು. ದಾರಿ ನಾಕು ಕೂಡಿದವು, ಕನಕಪ್ಪನ ಹೆಸರು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು, ಕಾಲು ಮನೆಗೆ ಓಡಿದವು. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಜೋಹರಾ, "ಮಾಶಾಅಲ್ಲಾ" ಎಂದು ಬಾಗಿಲು ಬಿಟ್ಟರು. ಕಟ್ ಅನ್ನಬೇಕಾದವನು ಅನ್ನಲಿಲ್ಲ. ಅಫ್ಜಲನೇ ಅಂದ.

ದಾನಮ್ಮ ನೀರು ಕುಡಿಯಲು ಒಳಗೆ ಹೋದಳು. ಮೈಕು ಸೆರಗಿನಲ್ಲೇ ಇತ್ತು. ಅದನ್ನು ಇಸಿದುಕೊಳ್ಳಲು ನಾನು ಏಳುವಷ್ಟರಲ್ಲಿ ನಿಂಗರಾಜ, "ನಾ ತರ್ತೇನ್ರಿ ವೈನಿ" ಎಂದು ಹೊಸ್ತಿಲು ದಾಟಿದ. ಹೆಡ್‌ಫೋನ್ ನನ್ನ ಕಿವಿಯಲ್ಲಿತ್ತು.

"ಚಲೋ ಬಂತೇನ್ರಿ ಸರ್?"

"ಬಂತು. ಭಾಳ ಚಲೋ ಬಂತು."

"ಆವತ್ತಿಂದು?"

"ಅಳಸಾಕ ಹೇಳೇನಿ. ನೀವೇನೂ ಚಿಂತಿ ಮಾಡಬ್ಯಾಡ್ರಿ. ಬಾಯಿ ತಪ್ಪಿ ಬರ್ತಾವ."

"ನೀವು ಓ ಅಂದ್ರಿ."

"ಯಾವಾಗ?"

"ನಾ ಹೆಸರು ಹೇಳಿದಾಗ. ಐತಿ ಅದು. ನಾ ಕೇಳೇನಿ."

ಮಗ್ಗದ ದಾರಕ್ಕೋ ಏನಕ್ಕೋ ಕೈ ತಾಗಿದ ಸದ್ದು. ನಾನು ಹೆಡ್‌ಫೋನನ್ನು ಆಗಲೇ ತೆಗೆಯಬೇಕಿತ್ತು.

"ನಂದು ಬಾಯಿ ತಪ್ಪಿದ್ದಲ್ಲ," ಎಂದಳು ದಾನಮ್ಮ.

"ನಂದೂ ಅಲ್ಲ."

"ಹಂಗಾರ ನಮ್ಮವ್ವನ ಮುಂದ ಬಂದು..."

ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅದರೊಳಗೆ ಸಣ್ಣಗೆ ಏನೋ ಗುಣುಗುಣು ಎನ್ನುತ್ತಲೇ ಇತ್ತು. ರೆಕಾರ್ಡರನ್ನು ಬಂದ್ ಮಾಡಿದೆ.

ಜೋಹರಾ ಮಾವಿನೆಲೆ ಬಿಚ್ಚುತ್ತಿದ್ದರು. "ಏನವಾ, ನಿಮ್ಮ ಕೆಲಸ ಮುಗೀತಾ? ಇನ್ನ ನಾ ಮಗ್ಗಕ್ಕ ಕುಂದರಬಹುದಾ?"

"ಒಳಗಿನವರು ಹೊರಗ ಬರ್ಲಿ, ಅಮ್ಮಾ. ಆಮ್ಯಾಲ ಕುಂದರ್ರಿ."

"ಒಳಗ ಯಾರದಾರ?"

ನಾನು ಹೆಡ್‌ಫೋನಿನ ವಾಯರು ಸುತ್ತತೊಡಗಿದೆ. ಅವರು ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಬಿಚ್ಚಿದ ಮಾವಿನೆಲೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕಕ್ಕೆ ಜಗುಲಿಯ ಮೇಲೆ ಕೂತರು. ಅವಸರವೇನೂ ಇಲ್ಲದವರಂತೆ ಕೂತರು.